ಕಿಟಕಿಯಾಚೆಯ ಕೈ

ಜರ್ಮನಿಯ ಆ ಹೆಂಗಸು ಮೊದಲ ದಿನ ಡ್ರೈವಿಂಗ್ ಸ್ಕೂಲಿನ ಕಾರಿನ ಎಡಬಾಗಿಲು ತೆರೆದು ಕೂತಳು. ಬೆಲ್ಟ್ ಬಿಗಿದುಕೊಂಡಳು. ಆಮೇಲೆ ಸ್ಟೀರಿಂಗ್ ಎಲ್ಲಿ ಎಂದು ಹುಡುಕಿದಳು. ಅವರ ದೇಶದಲ್ಲಿ ಅದು ಎಡಗಡೆ ಇರುತ್ತದಂತೆ. ಕಲಿಸುವ ಮಾಸ್ತರು ಹಣೆ ಬಡಿದುಕೊಂಡು, "ಅಕ್ಕಾರ, ಗಾಡಿ ನಡ್ಸೋರು ಈ ಕಡಿ ಕುಂದ್ರಬೇಕು ಅಂತ ಹೇಳ್ರಿ ಇವರಿಗೆ" ಎಂದರು. ಹಿಂದಿನ ಸೀಟಿನಿಂದ ನಾನು ಇಂಗ್ಲಿಷಿನಲ್ಲಿ ಹೇಳಿದೆ. ನನ್ನನ್ನು ಕರೆಸಿದ್ದೇ ಅದಕ್ಕೆ.

ಹೊಸಪೇಟೆಯಲ್ಲಿ ಒಗೆದು ಹಾಕಿದ ಬಟ್ಟೆಯೂ ಅದಿರಿನ ಧೂಳಿಗೆ ಕೆಂಪಾಗುತ್ತಿದ್ದ ಕಾಲ ಅದು. ಅವಳ ಗಂಡ ಸಂಡೂರಿನ ಕಡೆ ಒಂದು ಕಂಪನಿಗೆ ಯಂತ್ರ ಕೂಡಿಸಲು ಬಂದಿದ್ದ. ಅವಳಿಗೆ ಕಂಪನಿಯ ಕಾರು, ಡ್ರೈವರ್ ಎರಡೂ ಇದ್ದವು. ಆದರೆ ಎಲ್ಲಿಗೆ ಹೋಗು ಎಂದರೂ ಆ ಡ್ರೈವರ್ ಹಂಪಿ ಬಜಾರಿನಲ್ಲಿದ್ದ ತನ್ನ ಭಾವಮೈದುನನ ಅಂಗಡಿಯ ಮುಂದೆಯೇ ನಿಲ್ಲಿಸುತ್ತಿದ್ದ. ಮನೆ ತುಂಬ ಕಲ್ಲಿನ ಆನೆಗಳಾದ ಮೇಲೆ ಅವಳಿಗೆ ಸಿಟ್ಟು ಬಂತು. ನಾನೇ ಓಡಿಸುತ್ತೇನೆ ಎಂದಳು. ಇಲ್ಲಿನ ಲೈಸೆನ್ಸ್ ತೋರಿಸಿದರೆ ಕೀಲಿ ಕೊಡುತ್ತೇವೆ ಎಂದಿತು ಕಂಪನಿ.

ನಾನು ಕಂಪ್ಲಿಯಲ್ಲಿ ಹುಟ್ಟಿ, ಬಿ.ಎ. ಮಾಡಿ, ಹೊಸಪೇಟೆಯ ಕಿರಾಣಿ ಅಂಗಡಿಯವರ ಸೊಸೆಯಾದವಳು. ಮನೆಯಿಂದ ಹೊರಗೆ ಕಾಲಿಡಲು ಅತ್ತೆಗೆ ಕಾರಣ ಒಪ್ಪಿಸಬೇಕಿತ್ತು. ಅವರಿಗೆ ಯಾವ ಕಾರಣವೂ ಒಪ್ಪಿಗೆಯಾಗುತ್ತಿರಲಿಲ್ಲ. ಆದರೆ ಆ ಕಂಪನಿಯ ಮೆಸ್ಸಿಗೆ ಅಕ್ಕಿ ಹೋಗುತ್ತಿದ್ದದ್ದು ನಮ್ಮ ಅಂಗಡಿಯಿಂದ. ಇಂಗ್ಲಿಷ್ ಬಲ್ಲ ಸೊಸೆಯನ್ನು ಕಳಿಸಿ ಎಂದು ಕಂಪನಿಯವರು ಕೇಳಿದಾಗ ಅತ್ತೆಗೆ ಇಲ್ಲವೆನ್ನಲು ಆಗಲಿಲ್ಲ. "ಆಕಿಗೆ ಲೈಸೆನ್ಸ್ ಬರೋ ತನಕ ಅಷ್ಟ. ಆಮ್ಯಾಲೆ ಮನ್ಯಾಗಿರಬೇಕು" ಎಂದು ಷರತ್ತು ಹಾಕಿದರು. ಅವಳಿಗೆ ಲೈಸೆನ್ಸ್ ಬಂದ ದಿನ ನನ್ನ ಓಡಾಟ ಮುಗಿಯುತ್ತಿತ್ತು.

ಡ್ರೈವಿಂಗ್ ಪಾಠ ಮಂಗಳವಾರಕ್ಕೊಮ್ಮೆ. ಆ ದಿನ ಬಂತೆಂದರೆ ಬೆಳಿಗ್ಗೆಯೇ ಕುಣಿಯುವಂತಾಗುತ್ತಿತ್ತು. ಮಾಸ್ತರು ಅವಳ ವಂಶವನ್ನೆಲ್ಲ ಎಳೆದು ತಂದು ಬೈಯುವರು. ನಾನು, "ಕ್ಲಚ್ ನಿಧಾನ ಬಿಡಬೇಕಂತೆ" ಎನ್ನುವೆ.

"ಅಷ್ಟು ಹೊತ್ತು ಹೇಳಿದ್ದು ಇಷ್ಟೇನಾ?" ಎಂದು ಒಮ್ಮೆ ಅವಳು ಕೇಳಿದಳು.

"ನಮ್ಮ ಭಾಷೆ ಸ್ವಲ್ಪ ಉದ್ದ" ಎಂದೆ.

ನಿಜವಾದ ತೊಂದರೆ ಇದ್ದದ್ದು ಅದಿರು ಲಾರಿಗಳ ರಸ್ತೆಯಲ್ಲಿ. ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತಿದ್ದವು. ಅವಳು ಇಂಡಿಕೇಟರ್ ಹಾಕಿ, ಯಾರಾದರೂ ದಾರಿ ಬಿಟ್ಟಾರು ಎಂದು ನಂಬಿ ಕೂರುತ್ತಿದ್ದಳು. ನಮ್ಮೂರಿನಲ್ಲಿ ಇಂಡಿಕೇಟರ್ ನೋಡಿ ನಿಂತವರನ್ನು ನಾನಂತೂ ಕಂಡಿಲ್ಲ. ಕೈ ನೋಡಿದರೆ ನಿಲ್ಲುತ್ತಾರೆ. "ಕೈ ಕೊಡ್ರಿ ಅಕ್ಕಾರ!" ಎಂದು ಮಾಸ್ತರು ಕೂಗುವರು. ನಾನು ಕಿಟಕಿಯಿಂದ ಇಡೀ ತೋಳು ಹೊರಗೆ ಚಾಚಿ ಅಂಗೈ ತೋರಿಸಿದರೆ ಎಂಥ ಲಾರಿಯೂ ಬುಸ್ ಎಂದು ನಿಲ್ಲುತ್ತಿತ್ತು. ಬಲಗಡೆಯ ಲಾರಿಗೆ ಬಲಗಡೆಯ ಕಿಟಕಿ, ಎಡಗಡೆಯದಕ್ಕೆ ಎಡಗಡೆಯದು. ಹಿಂದಿನ ಸೀಟಿನಲ್ಲಿ ಅತ್ತಿಂದಿತ್ತ ಜಾರಾಡುವುದೇ ನನ್ನ ಕೆಲಸವಾಯಿತು.

"ನಮ್ಮಲ್ಲಿ ಹೀಗೆ ಕೈ ಚಾಚಿದರೆ ಬೈಯುತ್ತಾರೆ" ಎಂದಳು ಅವಳು.

"ಇಲ್ಲಿ ಚಾಚದಿದ್ದರೆ ಬೈಯುತ್ತಾರೆ" ಎಂದೆ.

ಟೆಸ್ಟಿನ ದಿನ ಇನ್ಸ್‌ಪೆಕ್ಟರು ಮುಂದೆ ಕೂತರು. ಹಿಂದೆ ನಾನು. ಅವಳು ಎಂಟರ ಆಕಾರದಲ್ಲಿ ಕಾರು ಸುತ್ತಿಸಿದಳು, ರಿವರ್ಸ್ ತೆಗೆದಳು, ಎಲ್ಲ ಬೆಣ್ಣೆಯಂತೆ ನಡೆಯಿತು. ಕಡೆಗೆ ಲಾರಿ ರಸ್ತೆಗೆ ಬಂದು ನಿಂತಳು. ಲಾರಿ ಬಂತು. ಇನ್ನೊಂದು ಬಂತು. ಅವಳು ಇಂಡಿಕೇಟರ್ ಹಾಕಿ ಕಾದಳು.

"ಯಾಕ ನಿಂತ್ರಿ ಮೇಡಂ?" ಎಂದರು ಇನ್ಸ್‌ಪೆಕ್ಟರು.

"ಲಾರಿಗಳು ಮುಗಿಯಲಿ ಅಂತಾರ್ರಿ" ಎಂದೆ.

"ಲಾರಿ ಮುಗೀಬೇಕಂದ್ರ ಸಂಡೂರು ಗುಡ್ಡ ಮುಗೀಬೇಕು. ಅಲ್ಲೀ ತನ ಇಲ್ಲೇ ಕುಂದ್ರೋಣೇನು?" ಎಂದು ಜೇಬಿನಿಂದ ಪೆನ್ನು ತೆಗೆದರು.

ನನ್ನ ಕೈ ಮಡಿಲಲ್ಲಿತ್ತು. ಅಲ್ಲೇ ಇದ್ದರೆ ಅವಳು ಫೇಲು. ನನಗೆ ಮತ್ತಷ್ಟು ಮಂಗಳವಾರ, ಮತ್ತಷ್ಟು ಗಾಳಿ, ದಾರಿಯಲ್ಲಿ ಮಿರ್ಚಿ ಬಜ್ಜಿ. ಇಷ್ಟು ಆಸೆ ನನಗೆ ಹಿಂದೆಂದೂ ಆಗಿರಲಿಲ್ಲ. ಆದರೆ ಮುಂದೆ ಅವಳ ಕುತ್ತಿಗೆ ಕಾಣುತ್ತಿತ್ತು. ಕೆಂಪು ಧೂಳಿನಲ್ಲಿ ಬೆವರು ಗೆರೆ ಎಳೆದಿತ್ತು. ತನ್ನ ದೇಶದಲ್ಲಿ ಅರ್ಧ ಆಯುಷ್ಯ ಕಾರು ಓಡಿಸಿದವಳು ಇಲ್ಲಿ ಒಂದು ರಸ್ತೆ ದಾಟಲಾರದೆ ಕೂತಿದ್ದಳು. ಥೂ ಎನ್ನಿಸಿ ಬಳೆ ಮೇಲಕ್ಕೇರಿಸಿ ಕೈ ಚಾಚಿಬಿಟ್ಟೆ. ಲಾರಿ ನಿಂತಿತು. ಕಾರು ದಾಟಿತು.

ಇನ್ಸ್‌ಪೆಕ್ಟರು ತಿರುಗಿ, "ಯಾರದ್ರೀ ಆ ಕೈ?" ಎಂದರು.

"ನಂದು ಸರ್."

"ಟೆಸ್ಟ್ ಯಾರದು?"

"ಅವರದು."

ಅವರು ಪೆನ್ನಿನ ಮುಚ್ಚಳ ತೆಗೆದರು. "ಹೋಗ್ಲಿ ಬಿಡ್ರಿ. ನನ್ನ ಹೆಂಡ್ತಿ ಕೈ ಕೊಡಲಿಲ್ಲಂದ್ರ ನಾನೂ ಈ ರೋಡ್ ದಾಟಂಗಿಲ್ಲ" ಎಂದು ಪಾಸು ಮಾಡಿದರು.

ಮನೆಗೆ ಬಂದಾಗ ಅತ್ತೆ, "ಬಂತೇನು?" ಎಂದರು. ಬಂತು ಎಂದೆ. "ಮುಗೀತಲ್ಲ" ಎಂದರು. ಬೇಕಂತಲೇ ಈರುಳ್ಳಿ ಹೆಚ್ಚಲು ಕೂತೆ. ಭಾಳ ಅತ್ತುಬಿಟ್ಟೆ.

ಮುಂದಿನ ಮಂಗಳವಾರ ಬಾಗಿಲಲ್ಲಿ ಹಾರ್ನ್ ಕೇಳಿಸಿತು. ಕಾರಿನಲ್ಲಿ ಅವಳೊಬ್ಬಳೇ. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತು, "ಲೈಸೆನ್ಸ್ ಬಂದೈತಲ್ಲ, ಮತ್ಯಾಕ ಬಂದಾಳ ಈಕಿ? ಕೇಳು" ಎಂದರು. ನಾನು ಕೇಳಿದೆ. ಅವಳು ಕಾರಿನಿಂದ ಇಳಿದಳು. ಮೆಟ್ಟಿಲು ಹತ್ತಿ ಬಂದು, ತೋಳು ನೀಳವಾಗಿ ಚಾಚಿ, ಅತ್ತೆಯ ಮುಖದೆದುರು ಅಂಗೈ ಹಿಡಿದಳು.

ಜೀವಮಾನದಲ್ಲಿ ಯಾರಿಗೂ ದಾರಿ ಬಿಡದ ನನ್ನ ಅತ್ತೆ ಗಕ್ಕನೆ ಹಿಂದೆ ಸರಿದು ನಿಂತರು. ಅವರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಹೊಸ್ತಿಲು ದಾಟಿ, ಕಾರಿನಲ್ಲಿ ಕೂತು, ಕಿಟಕಿಯ ಗಾಜು ಇಳಿಸಿದ್ದೆ.