ಕುಸುರೆಳ್ಳಿನ ಜೋಡಿ ಕಾಳು

ಇದ್ದಿಲಿನ ಸಣ್ಣ ಕಾವಿಗೆ ಸಕ್ಕರೆ ಪಾಕ ಆರುವಾಗ ಒಂದು ವಾಸನೆ ಬರುತ್ತದೆ. ನಸುಕಿನ ಚಳಿ ಬೆರೆತರೆ ಮಾತ್ರ ಅದು ಪೂರ್ತಿಯಾಗುತ್ತದೆ. ಈ ವರ್ಷ ಅದನ್ನು ಎಬ್ಬಿಸಲು ಗೋದಾ ಅತ್ಯಾ ಇಲ್ಲ. ಅಪ್ಪನ ಅಕ್ಕ ಆಕೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದವಳು. ಸಂಕ್ರಾಂತಿಗೆ ಹದಿನೈದು ದಿನ ಇರುವಾಗಲೇ ಹಿತ್ತಲಿನಲ್ಲಿ ಇದ್ದಿಲಿನ ಶೇಗಡಿ ಹೊತ್ತಿಸಿ ಕುಸುರೆಳ್ಳು ಮಾಡಲು ಕೂಡುತ್ತಿದ್ದಳು. ಕಲಾಯಿ ಹಾಕಿಸಿದ ತಾಮ್ರದ ಪರಾತದಲ್ಲಿ ಎಳ್ಳು ಹರವಿ, ಒಂದು ಚಮಚೆ ಪಾಕ ಬಿಟ್ಟು, ಅದು ಆರುವವರೆಗೂ ಬೆರಳ ತುದಿಯಿಂದ ಆಡಿಸಬೇಕು. ಆಮೇಲೆ ಇನ್ನೊಂದು ಚಮಚೆ. ಚಳಿಗಾಳಿ ತಾಗಿದರೇ ಕಾಳಿನ ಮೈಮೇಲೆ ಸಕ್ಕರೆಯ ಮುಳ್ಳು ಏಳುತ್ತವೆ. ಹಿತ್ತಲಿಗೆ ಬಿಸಿಲು ಬಂತೆಂದರೆ ಆ ದಿನದ ಕೆಲಸ ಮುಗಿಯಿತು. ಹಬ್ಬದ ಅರಿಶಿನ-ಕುಂಕುಮಕ್ಕೆ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಆಕೆಯ ಕುಸುರೆಳ್ಳು ಮಾತ್ರ ಓಣಿಯ ಎಲ್ಲ ಮನೆಗೂ ಹೋಗುತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ ನಮ್ಮ ಮನೆಯಲ್ಲಿ ಒಂದು ಹೆಸರು ಹೇಳುವಂತಿರಲಿಲ್ಲ. ಅಪ್ಪನ ತಮ್ಮ ಶ್ರೀಪತಿ ಕಾಕಾ ಸರಕಾರಿ ಸಾಲಿಯ ನೌಕರಿ ಬಿಟ್ಟು, ಸ್ವಾತಂತ್ರ್ಯ ಚಳವಳಿಗೆ ಸೇರಿ, ಗರಗದ ಖಾದಿ ಉಟ್ಟು, ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ಬಾಡಿಗೆ ಖೋಲಿ ಹಿಡಿದಿದ್ದ. ಅದೇ ಸರಕಾರದ ಕಚೇರಿಯಲ್ಲಿ ಕಾರಕೂನರಾಗಿದ್ದ ಅಪ್ಪ, ‘ಈ ಮನಿ ಹೊಸ್ತಿಲಾ ತುಳೀಬ್ಯಾಡ’ ಅಂದುಬಿಟ್ಟಿದ್ದರು. ಮೂರು ವರ್ಷ ಇಬ್ಬರೂ ಮಾತಾಡಲಿಲ್ಲ. ನನಗೆ ಅಕ್ಷರ ತಿದ್ದಿಸಿದವನೇ ಕಾಕಾ.

ಸಾಲಿಯಲ್ಲಿ ಮಾಸ್ತರರು ಸೂರ್ಯ ಮಕರ ರಾಶಿಗೆ ಬರುವುದನ್ನು ಹೇಳಿದ್ದರು. ಹಾಗಾದರೆ ಎಳ್ಳು ಯಾಕೆ ಕೊಡುವುದು ಎಂದು ಅತ್ಯಾನನ್ನು ಕೇಳಿದೆ. ಆಕೆ ಬೆರಳು ನಿಲ್ಲಿಸದೆ ಹೇಳಿದಳು: ‘ಹಬ್ಬ ಆದಮ್ಯಾಲೆ ಬಿಳಿಜೋಳದ ಕೊಯ್ಲು ಬರ್ತದ. ಒಬ್ಬರ ಹೊಲಕ್ಕ ಒಬ್ಬರು ಹೋಗಿ ಕೊಯ್ಯಬೇಕು. ಮಾತು ಬಿಟ್ಟವರ ಹೊಲಕ್ಕ ಯಾರು ಕುಡಗೋಲು ಹಿಡದು ಬರ್ತಾರ? ಅದಕ್ಕ ಹಿರ್ಯಾರು ಮೊದಲ ಎಳ್ಳು ಕೊಟ್ಟು ಜಗಳಾ ಮುಗಿಸಿಕೊಳ್ತಿದ್ರು. ಇವತ್ತ ಎಳ್ಳು ಹಿಡಕೊಂಡು ಬಂದವರನ್ನ ಹೊರಗ ನಿಲ್ಲಸಬಾರದು. ಸೂರ್ಯಾನೂ ದಿಕ್ಕು ತಿರಗ್ತಾನ, ನಿಮ್ಮಪ್ಪ ಏನು ಸೂರ್ಯಾಗಿಂತ ದೊಡ್ಡಾಂವನ?’

ಆಕೆಯ ಉಪಾಯ ನನಗೆ ಆಗಲೇ ತಿಳಿಯಿತು. ಒಂದು ಡಬ್ಬಿ ಕುಸುರೆಳ್ಳು ಗುಟ್ಟಾಗಿ ಕಾಕಾನಿಗೆ ಹೋಗಬೇಕು. ಹಬ್ಬದ ದಿನ ಅದನ್ನೇ ಹಿಡಿದು ಅವನು ಬರಬೇಕು. ಕೆಲಸ ಬೇಗ ಮುಗಿದರೆ ಕಾಕಾನೂ ಲಗೂ ಬಂದಾನು ಎಂದು ನನಗೆ ಅನ್ನಿಸಿತು. ಅತ್ಯಾ ನೀರು ಸೇದಲು ಎದ್ದಾಗ ಬಟ್ಟಲಿನ ಬಿಸಿ ಪಾಕವನ್ನೆಲ್ಲ ಪರಾತಕ್ಕೆ ಸುರಿದುಬಿಟ್ಟೆ. ಹತ್ತು ದಿನದ ಕೆಲಸ ಕಣ್ಣೆದುರಿಗೇ ಗಂಟುಗಂಟಾಯಿತು. ಅತ್ಯಾ ಬೈಯಲಿಲ್ಲ. ಮೊದಲು ನನ್ನ ಸುಟ್ಟ ಬೆರಳನ್ನು ತಣ್ಣೀರಲ್ಲಿ ಅದ್ದಿದಳು. ಆಮೇಲೆ ಗಂಟು ಒಡೆದು ಒಂದೊಂದೇ ಕಾಳು ಬಿಡಿಸಲು ಕೂತಳು. ಎರಡು ದಿನ ಹಾಗೇ ಬಿಡಿಸಿ, ಮೂರನೆಯ ನಸುಕಿಗೆ ಮತ್ತೆ ಮೊದಲ ಚಮಚೆ ಬಿಟ್ಟಳು. ಮುಳ್ಳು ಸಣ್ಣವಾದವು. ಅಲ್ಲಲ್ಲಿ ಎರಡೆರಡು ಕಾಳು ಅಂಟಿಕೊಂಡೇ ಉಳಿದವು. ಅಪ್ಪ ಸ್ನಾನಕ್ಕೆ ಹೋಗುತ್ತ ಬಗ್ಗಿ ನೋಡಿ, ‘ಈ ಸಲ ನಮ್ಮ ಮನ್ಯಾಗ ಎಳ್ಳು ಜೋಡಿ ಹಡದಾವ ನೋಡು’ ಎಂದು ನಕ್ಕರು.

ಪಾತ್ರೆಗೆ ಕಲಾಯಿ ಹಾಕುವ ಹುಸೇನಸಾಬರು ಹುಬ್ಬಳ್ಳಿಯವರು. ಅತ್ಯಾ ಅವರ ಕೈಗೆ ಡಬ್ಬಿ ಕೊಟ್ಟಳು. ‘ರೇಲ್ವೇದಾಗ ಕೂತು ಇದನ್ನ ತಿಂದಗಿಂದೀರಿ ಮತ್ತ! ನಿಮ್ಮ ಮಕ್ಕಳಿಗೆ ಬ್ಯಾರೆ ಕಟ್ಟೇನಿ.’

‘ಅಲ್ರೀ ಬಾಯಾರ, ಅಣ್ಣತಮ್ಮರ ಜಗಳಾ ತಿಂದು ನಾ ಎಲ್ಲಿ ಅರಗಿಸಿಕೊಳ್ಳಲ್ರಿ?’ ಎಂದರು ಅವರು.

ಸಂಕ್ರಾಂತಿಯ ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಕಾಕಾ ಬಂದು ಮೆಟ್ಟಿಲ ಕೆಳಗೇ ನಿಂತ. ಬಹಳ ಬಡವಾಗಿದ್ದ. ‘ಅಣ್ಣಾ, ಎಳ್ಳು’ ಎಂದು ಡಬ್ಬಿ ಚಾಚಿದ. ಬಾಗಿಲ ಹಿಂದೆ ಅತ್ಯಾ ನನ್ನ ಕೈ ಹಿಡಿದುಕೊಂಡಿದ್ದಳು. ಅಪ್ಪ ಡಬ್ಬಿಯಲ್ಲಿ ಬೆರಳಾಡಿಸಿ, ಒಂದು ಜೋಡಿ ಕಾಳು ಎತ್ತಿ ಬೆಳಕಿಗೆ ಹಿಡಿದರು.

‘ನಮ್ಮ ಮನಿ ಎಳ್ಳಾ ನಮಗ ಕೊಡ್ಲಿಕ್ಕೆ ಬಂದೀಯೇನೋ?’

ಸುಳ್ಳು ಹೇಳಲು ಬಾರದ ಕಾಕಾ ತಲೆ ತಗ್ಗಿಸಿದ. ಅತ್ಯಾ ಒಳಗಿನಿಂದಲೇ ಅಂದಳು: ‘ಎಳ್ಳು ಯಾರದರ ಇರಲಿ, ತಂದಾಂವ ನಿನ್ನ ತಮ್ಮ. ತಗೋತೀಯೋ ಇಲ್ಲೋ, ಅಷ್ಟು ಹೇಳು.’

ಅಪ್ಪ ಆ ಜೋಡಿ ಕಾಳನ್ನು ಬಾಯಿಗೆ ಹಾಕಿಕೊಂಡರು. ‘ಹೊರಗ್ಯಾಕ ನಿಂತೀ? ಕಾಲು ತೊಳಕೊಂಡು ಒಳಗ ಬಾ’ ಅಂದರು. ಅತ್ಯಾ ನನ್ನ ಕೈ ಬಿಟ್ಟು, ಊಟಕ್ಕೆ ಒಂದು ತಾಟು ಹೆಚ್ಚು ಹಾಕಲು ಹೋದಳು.

ಅಪ್ಪ ಹೋದರು, ಅವರ ಹಿಂದೆ ಕಾಕಾ. ಕಳೆದ ಶ್ರಾವಣದಲ್ಲಿ ಅತ್ಯಾನೂ ಹೋದಳು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಪರಾತ ಮಾತ್ರ ನನ್ನ ಬಳಿಗೆ ಬಂದಿದೆ. ಈ ಪುಷ್ಯದಲ್ಲಿ ನಾನೊಬ್ಬಳೇ ಶೇಗಡಿ ಹೊತ್ತಿಸಿದೆ. ಮೊದಲ ಮೂರು ನಸುಕು ಮುಳ್ಳೇ ಏಳಲಿಲ್ಲ. ನಾಲ್ಕನೆಯ ದಿನವೂ ಕೂತೆ. ಅತ್ಯಾನನ್ನು ನೆನೆದು ಒಂದು ಗಳಿಗೆ ಕೈ ನಿಂತಿತು, ಎರಡು ಕಾಳು ಅಂಟಿಕೊಂಡವು. ಬಿಡಿಸಲು ಹೋದ ಬೆರಳನ್ನು ಹಿಂದೆ ತೆಗೆದುಕೊಂಡೆ. ಕಣ್ಣು ಒರೆಸಿಕೊಂಡು ಇನ್ನೊಂದು ಚಮಚೆ ಪಾಕ ಬಿಟ್ಟೆ. ಹಿತ್ತಲಿಗೆ ಬಿಸಿಲು ಬರಲು ಇನ್ನೂ ಹೊತ್ತಿತ್ತು.