ಗಂಗಣ್ಣನ ವಿಮಾನಕ್ಕೆ ನನ್ನ ಬೆಸುಗೆ

ಬೆಳಗ್ಗೆ ಮಾಯಸಂದ್ರದ ಕಡೆಯವರೊಬ್ಬರು ಸೋರುವ ಪೆಟ್ರೋಲ್ ಟ್ಯಾಂಕೊಂದನ್ನು ತಂದು ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಇಳಿಸಿದರು. ಆ ವಾಸನೆಗೆ ಗಂಗಣ್ಣ ನೆನಪಾದ.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ತುರುವೇಕೆರೆ ಸುತ್ತಿನಲ್ಲಿ ಬೆಸುಗೆ ಅಂದರೆ ನನ್ನದೇ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ಇಲ್ಲದ್ದರಿಂದ ನಾನೇ ಹೇಳುತ್ತಿದ್ದೇನೆ. ತೆಂಗಿನ ಮರ ಹತ್ತುವ ಯಂತ್ರಕ್ಕೆ ನಾನು ಹಾಕಿದ ಬೆಸುಗೆಯ ಮೇಲೆ ನಿಂತು ಜನ ಕಾಯಿ ಕೆಡವುತ್ತಾರೆ, ನೋಡಿ. ಹಾಗಾಗಿ, ಒಬ್ಬರು ಕೂರುವ ವಿಮಾನವನ್ನು ತಾನೇ ಕಟ್ಟುತ್ತೇನೆಂದು ಗಂಗಣ್ಣ ತೋಟದ ಕೊಟ್ಟಿಗೆಯಲ್ಲಿ ಪೈಪು ಹರಡಿಕೊಂಡಾಗ ನನ್ನನ್ನೇ ಕರೆದ. ಊರು ನಕ್ಕಿತು.

“ಬಿದ್ರೆ ನನ್ ತೋಟಕ್ಕೇ ಬೀಳ್ತೀನಿ ಕಣ್ರಲಾ, ನಿಮ್ ಕಾಯಿ ಉದುರಲ್ಲ ಬುಡಿ” ಅಂದ.

ಬಿದ್ದದ್ದೂ ಅಲ್ಲೇ. ಬತ್ತಿದ ಕೆರೆಯಂಗಳದಿಂದ ಮೊದಲ ಸಲ ಎದ್ದು, ಎರಡು ಸುತ್ತು ಹಾಕುವಷ್ಟರಲ್ಲಿ ಇಂಜಿನ್ ನಿಂತಿತು. ಗಂಗಣ್ಣ ಉಳಿಯಲಿಲ್ಲ.

ಬೆಸುಗೆ ಬಿಟ್ಟಿತೆಂದು ಊರಿನ ಅರ್ಧ ಜನ, ಅವನಿಗೆ ಹಾರಿಸಲು ಬರುತ್ತಿರಲಿಲ್ಲವೆಂದು ಉಳಿದರ್ಧ. ನನಗೆ ಮೂರು ದಿನ ಮುದ್ದೆ ಇಳಿಯಲಿಲ್ಲ. ತನಿಖೆಗೆ ಬಂದ ಅಧಿಕಾರಿ ಭೂತಗನ್ನಡಿ ಹಿಡಿದು ಒಂದೊಂದು ಜಾಯಿಂಟನ್ನೂ ನೋಡಿದರು. ಪೈಪುಗಳು ನೆಲಕ್ಕೆ ಬಡಿದು ಮುರಿದಿವೆ, ಬೆಸುಗೆ ಒಂದೂ ಬಿಟ್ಟಿಲ್ಲ ಅಂದರು. ಸುಳ್ಳೇಕೆ, ಸತ್ತವನ ಮನೆಯ ತೋಟದಲ್ಲಿ ನಿಂತೇ ನನ್ನ ಎದೆ ಉಬ್ಬಿತು.

ಆಮೇಲೆ ಅವರು ವಿಮಾನದ ಪೆಟ್ರೋಲ್ ಟ್ಯಾಂಕು ತಿರುಗಿಸಿದರು. ಪೆಟ್ರೋಲ್ ಇಳಿದಂತೆ ಒಳಗೆ ಗಾಳಿ ಹೋಗಲೆಂದು ನಾನೇ ಕೂಡಿಸಿದ್ದ ಸಣ್ಣ ಕೊಳವೆಯ ಬಾಯಲ್ಲಿ ಏನೋ ಕರ್ರಗೆ ಗಟ್ಟಿಯಾಗಿ ಕೂತಿತ್ತು. ಗಾಳಿಯಾಡದೆ ಇಂಜಿನ್ನಿಗೆ ಪೆಟ್ರೋಲ್ ಇಳಿದಿಲ್ಲ, ಯಾವುದೋ ಹುಳ ಗೂಡು ಕಟ್ಟಿರಬೇಕು ಅಂದರು.

ಅದು ಗೂಡಲ್ಲವೆಂದು ನನಗೆ ನೋಡಿದೊಡನೆ ಗೊತ್ತಾಯಿತು. ನಮ್ಮ ಕಡೆ ಯಾವ ಪೈಪಿನ ಕೆಲಸ ಮುಗಿದರೂ, ಕಣಜದ ಹುಳ ಹೊಗದಿರಲೆಂದು ಬಾಯಿಗೆ ತೆಂಗಿನ ನಾರನ್ನು ಗ್ರೀಸಿನಲ್ಲಿ ಉಂಡೆ ಮಾಡಿ ತುರುಕುತ್ತೇವೆ. ಜೋಡಿಸುವವನು ತೆಗೆಯುತ್ತಾನೆ. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ಈ ಕೊಳವೆಯ ಬಾಯಿ ಟ್ಯಾಂಕಿನ ಅಡಿಗೆ ಬಾಗಿತ್ತು, ಜೋಡಿಸಿದ ಗಂಗಣ್ಣನ ಕಣ್ಣಿಗೆ ಬಿದ್ದಿಲ್ಲ.

ಹುಳದ ಮೇಲೆ ಹಾಕಿ ಸುಮ್ಮನಿರಬಹುದಿತ್ತು.

“ಗೂಡಲ್ಲ ಸಾರ್, ನಾರು. ತುರುಕಿದ್ದು ನಾನೇ. ತೆಗೀಬೇಕು ಅಂತ ಹೇಳ್ಲಿಲ್ಲ.”

ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡರು. ಗಂಗಣ್ಣನ ಹೆಂಡತಿ ಜಯಮ್ಮ ಅಲ್ಲೇ ನಿಂತಿದ್ದರು.

“ನಿನ್ ಮೇಲೆ ಸಿಟ್ಟಿಲ್ಲ ಅನ್ನಕ್ಕಾಗಲ್ಲ ಕಣಣ್ಣ” ಅಂದರು. “ಆದ್ರೆ ನೀನು ಸುಮ್ನಿದ್ದಿದ್ರೆ ಗೂಡು ಕಟ್ಟಿದ್ದೂ ನೋಡ್ದೆ ಹಾರ್ಸಕ್ಕೆ ಹೋದ್ರು ಅಂತ ಊರು ಅವ್ರನ್ನೇ ಆಡ್ಕೊಳೋದು.”

ಬಿಡದ ಬೆಸುಗೆಯ ಹೆಮ್ಮೆ ನನಗೆ ಈಗಲೂ ಇದೆ. ಆದರೆ ಒಬ್ಬನೇ ಕೂತಾಗ ನಾನು ನೆನೆಸಿಕೊಳ್ಳುವುದು ಆ ನಾರಿನ ಮಾತು ಬಾಯಿಬಿಟ್ಟ ಗಳಿಗೆಯನ್ನು.

ಸಂಜೆಗೆ ಮಾಯಸಂದ್ರದವರ ಟ್ಯಾಂಕು ಸಿದ್ಧವಾಯಿತು. ಅದರ ಕೊಳವೆಗೆ ತುರುಕಿದ ನಾರಿನ ಉಂಡೆಗೆ ಗೇಣುದ್ದ ಕೆಂಪು ಬಟ್ಟೆ ಕಟ್ಟಿ ಹೊರಗೆ ಇಳಿಬಿಟ್ಟಿದ್ದೆ. ಯಜಮಾನರು ನಕ್ಕು, ಇದೆಲ್ಲ ನಮಗೆ ಗೊತ್ತಿಲ್ಲವೇ ಅಂದರು. ಗೊತ್ತಿರುತ್ತದೆ ಅಂದೆ. ಅವರು ಅದನ್ನು ಒಮ್ಮೆ ತಮ್ಮ ಕೈಯಾರೆ ಎಳೆದು ತೋರಿಸುವವರೆಗೂ ಟ್ಯಾಂಕು ಕೊಡಲಿಲ್ಲ.