ಮಿನ್ಯೊ ಮತ್ತು ಎಡಬಾಗಿಲ ದೋಷ

ನನ್ನ ಗಂಡ ಮಿನ್ಯೊ ಈ ಸಾಂತಿಯಾಗೊ ಊರಿನಲ್ಲಿ ಕಾರುಗಳ ಸದ್ದು ಹದ ಮಾಡುವವನು. ಡಿಕ್ಕಿ ತುಂಬ ಸ್ಪೀಕರ್ ತುರುಕಿ ಓಣಿಯ ಕಿಟಕಿಗಳನ್ನೆಲ್ಲ ಗಡಗಡ ಅನ್ನಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವನಿಗೆ ಅದು ಸೇರದು. "ಅದು ಸಂಗೀತ ಅಲ್ಲ ಕಣೆ ಯೊಕಾಸ್ತಾ, ಭೂಕಂಪ," ಅನ್ನುತ್ತಾನೆ. ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರೆ ಹಾಡುಗಾರ ಮುಂದಿನ ಗಾಜಿನ ನಟ್ಟನಡುವೆ ನಿಂತು ಹಾಡಬೇಕು, ಗಿಟಾರು ಬಲಕ್ಕೆ ಬರಬೇಕು, ಗೂಯಿರಾ ತಗಡು ಕೆರೆಯುವ ಚರಚರ ಎಡಕ್ಕೆ ಬರಬೇಕು. ಅಲ್ಲಿಗೆ ಬರುವ ತನಕ ಕಾರಿನ ಬೀಗದ ಕೈ ಯಜಮಾನನಿಗೆ ಕೊಡುವುದಿಲ್ಲ. ಹಟಮಾರಿ.

ಹೇಗೆ ಮಾಡುತ್ತಾನೆ ಅಂದರೆ, ಸೀಟಿನಲ್ಲಿ ತಲೆ ಇರುವ ಜಾಗದಲ್ಲಿ ಬೆರಳುದ್ದದ ಒಂದು ಮೈಕು ನಿಲ್ಲಿಸುತ್ತಾನೆ. ಒಂದೊಂದೇ ಸ್ಪೀಕರಿನಿಂದ ಶ್ಶ್ ಅಂತ ಸದ್ದು ಬಿಡುತ್ತಾನೆ. ಮೈಕು ಕೇಳಿಸಿಕೊಂಡದ್ದು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಬರುತ್ತದೆ. ಗೆರೆ ಎಲ್ಲಿ ಉಬ್ಬಿದೆ, ಎಲ್ಲಿ ಕುಸಿದಿದೆ ನೋಡಿಕೊಂಡು ಪ್ರೊಸೆಸರ್ ಅನ್ನುವ ಪೆಟ್ಟಿಗೆಯಲ್ಲಿ ತಿದ್ದುತ್ತಾನೆ. ಗಾಜು ಏರಿಸಿರಬೇಕು, ಎಸಿ ಹಾಕುವಂತಿಲ್ಲ, ಈ ಸುಡುಸುಡು ಊರಿನಲ್ಲಿ! ಬೆವರಿ ತೊಪ್ಪೆಯಾಗಿ ಹೊರಗೆ ಬರುತ್ತಾನೆ. ಕೊನೆಗೆ ಮೈಕು ತೆಗೆದಿಟ್ಟು, ತಾನೇ ಕೂತು ಒಂದು ಬಚಾತಾ ಹಾಡು ಕೇಳಿ, ಕಿವಿ ಹೂಂ ಅಂದರೆ ಮುಗಿಯಿತು.

ಆ ಕಿವಿಯ ಕಥೆ ಕೇಳಿ. ನಾನು ಆಗ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದೆ. ಇವನು ಬಾಡಿಗೆ ಕಾರುಗಳ ರೇಡಿಯೋ ರಿಪೇರಿ ಮಾಡಿಕೊಂಡು ಎದುರು ಫುಟ್‌ಪಾತಿನಲ್ಲಿ ಕೂರುತ್ತಿದ್ದ. ಒಂದು ದಿನ ಒಳಗೆ ತಲೆ ಹಾಕಿ, "ಮೇಡಂ, ನಿಮ್ಮ ಮೂರನೇ ಹೇರ್ ಡ್ರೈಯರ್ ಶನಿವಾರದೊಳಗೆ ಕೈ ಕೊಡುತ್ತೆ, ಒಳಗೆ ಬೇರಿಂಗ್ ಅಳ್ತಾ ಇದೆ," ಅಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಶನಿವಾರ ಅದರ ಕೆಳಗೆ ಮದುಮಗಳು ಕೂತಿದ್ದಾಗ ಟಪ್ ಅಂತ ಹೊಗೆ ಬಂತು. ಆ ಹುಡುಗಿ ಅರ್ಧ ಒದ್ದೆ ಕೂದಲಲ್ಲೇ ಮದುವೆಯಾದಳು. ಮರುವರ್ಷ ನಾನು ಇವನನ್ನು ಮದುವೆಯಾದೆ. ಈಗ ನನ್ನ ಪಾರ್ಲರೂ ಇವನ ಗ್ಯಾರೇಜೂ ಅಕ್ಕಪಕ್ಕ, ನಡುವೆ ಒಂದೇ ಗೋಡೆ.

ಈ ಸಲ ಆದದ್ದು ಹೀಗೆ. ಭಾನುವಾರ ಎಲ್ಲರೂ ಸೊಸುವಾ ಕಡಲಿಗೆ ಹೋಗಿದ್ದೆವು. ಐವತ್ತಾರು ವಯಸ್ಸಾದರೂ ಇವನಿಗೆ ಬಂಡೆ ಮೇಲಿಂದ ಹಾರುವ ಚಪಲ. ಸೋಮವಾರ ಬೆಳಿಗ್ಗೆ ಬಾಳೆಕಾಯಿ ಬೇಯಿಸಿ ಕಿವುಚಿದ ಮಾಂಗೂ ತಿನ್ನುತ್ತಾ, "ಎಡಗಿವಿ ಮುಚ್ಚಿಕೊಂಡ ಹಾಗಿದೆ," ಅಂದ. "ನೀರು ಹೊಕ್ಕಿರುತ್ತೆ ಬಿಡು," ಅಂದೆ ನಾನು. ನಾನೇ! ಬೆಚ್ಚಗೆ ಎಣ್ಣೆ ಕಾಯಿಸಿ ಎರಡು ತೊಟ್ಟು ಬಿಟ್ಟವಳೂ ನಾನೇ. ಒಂಟಿ ಕಾಲಲ್ಲಿ ಕುಣಿ ಅಂತ ಕುಣಿಸಿ ನಕ್ಕವಳೂ ನಾನೇ.

ಮಂಗಳವಾರ ಲಾ ವೇಗಾ ಊರಿನ ಗಿರಾಕಿ ವಿನೀಸ್ಯೊ ತನ್ನ ಕಾರು ತಂದು ಬಿಟ್ಟ. ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಸ್ಪರ್ಧೆ. ಸದ್ದು ಎಷ್ಟು ಜೋರು ಅಂತ ಅಳೆಯುವ ಸ್ಪರ್ಧೆಯಲ್ಲ, ಎಷ್ಟು ಚೊಕ್ಕ ಅಂತ ತೀರ್ಪುಗಾರ ಸೀಟಿನಲ್ಲಿ ಕೂತು ಕೇಳುವ ಸ್ಪರ್ಧೆ. ಮಿನ್ಯೊ ಮೈಕು ನಿಲ್ಲಿಸಿದ, ಅಳೆದ, ತಿದ್ದಿದ. ಎಡ ಬಲ ಎರಡು ಗೆರೆಯೂ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತವು. ಆಮೇಲೆ ಹಾಡು ಹಾಕಿ ಕೂತ. ಎಡಗಡೆ ಗೂಯಿರಾ ಕೇಳಿಸಲಿಲ್ಲ.

ಎಡಬಾಗಿಲಲ್ಲಿ ದೋಷ ಇದೆ ಅಂತ ತೀರ್ಮಾನಿಸಿಬಿಟ್ಟ.

ಇವರ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಎಲ್ಲಿ ಕೆಟ್ಟಿದೆ ಗೊತ್ತಾಗದಿದ್ದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕು. ದೋಷ ಜೊತೆಗೇ ಆ ಕಡೆ ಹೋಯಿತೋ, ಕಳ್ಳ ಸಿಕ್ಕ. ಹೋಗದಿದ್ದರೆ ಅದು ನಿರಪರಾಧಿ, ಮುಂದಿನದನ್ನು ಬದಲಿಸು. ಮಿನ್ಯೊ ಸ್ಪೀಕರ್ ಬದಲಿಸಿದ. ವೈರು ಬದಲಿಸಿದ. ಆಂಪ್ಲಿಫೈಯರಿನಲ್ಲಿ ವೈರು ಸಿಕ್ಕಿಸುವ ಬಾಯಿ ಬದಲಿಸಿದ. ದೋಷ ಎಡಕ್ಕೇ ಇತ್ತು. ಬಾಗಿಲ ಒಳಹೊದಿಕೆ ಬಿಚ್ಚಿ ಹಾಕಿದ. ಗೋಡೆ ಆಚೆಯಿಂದ ದಿನವಿಡೀ ಶ್ಶ್, ಶ್ಶ್, ಶ್ಶ್. ನನ್ನ ಗಿರಾಕಿಗಳು, "ಏನೇ ಯೊಕಾಸ್ತಾ, ನಿನ್ನ ಗಂಡ ಹಾವು ಸಾಕ್ತಿದ್ದಾನಾ?" ಅಂತ ಕೇಳತೊಡಗಿದರು.

ಶುಕ್ರವಾರ ಊಟಕ್ಕೆ ಬಂದವನು ಅನ್ನ ಮುಟ್ಟಲಿಲ್ಲ. ತಳ ಹಿಡಿದ ಗರಿಗರಿ ಅನ್ನ ಅಂದರೆ ಪ್ರಾಣ ಬಿಡುವವನು, ಹಾಗೇ ತಟ್ಟೆ ಸರಿಸಿದ.

"ಮೈಕು ಸುಳ್ಳು ಹೇಳ್ತಿದೆ," ಅಂದ.

"ಮೈಕು ಸುಳ್ಳು ಹೇಳಲ್ಲ ಅಂತ ಊರಿಗೆಲ್ಲ ಬೋಧನೆ ಮಾಡೋನು ನೀನೇ ಅಲ್ವಾ?"

"ಬಿಸಿಲಿಗೆ ಹಾಳಾಗಿರಬೇಕು. ರಾಜಧಾನಿಯಿಂದ ಇನ್ನೊಂದು ತರಿಸ್ತಿದ್ದೀನಿ."

ಸೋಮವಾರ ಇನ್ನೊಂದು ಬಂತು. ಅದೂ ಅದೇ ಗೆರೆ ಎಳೆಯಿತು. ಆಗ ಮೈಕು ಪಕ್ಕಕ್ಕಿಟ್ಟು, ತನ್ನ ಕಿವಿ ಹೇಳಿದ ಹಾಗೆ ಎಡಗಡೆ ಏರಿಸಿದ, ಏರಿಸಿದ, ಏರಿಸುತ್ತಲೇ ಹೋದ. ಸಂಜೆ ವಿನೀಸ್ಯೊ ಬಂದು ಕೂತು ಕೇಳಿದವನು ಅರ್ಧ ನಿಮಿಷಕ್ಕೇ ಎದ್ದ.

"ಲೋ ಗುರು, ಏನೋ ಮಾಡಿದ್ದೀಯ? ಹಾಡೋನು ನನ್ನ ಎಡಗಡೆ ಕನ್ನಡಿ ಮೇಲೆ ಕೂತಿದ್ದಾನಲ್ಲೋ! ಗೂಯಿರಾ ಕಿವೀಲಿ ಮೊಳೆ ಹೊಡೀತಿದೆ."

"ನಿನ್ನ ಕಿವಿ ತೊಳ್ಕೊಂಡು ಬಾ ಹೋಗು," ಅಂತ ಮಿನ್ಯೊ ರೇಗಿದ. ಗಿರಾಕಿಯ ಮೇಲೆ ಇವನು ದನಿ ಏರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಷ್ಟರಲ್ಲಿ ಫೋನು ಬಂತು. ಎತ್ತಿ ಎಡಗಿವಿಗೆ ಇಟ್ಟ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಇರುವುದರಿಂದ ಮೂವತ್ತು ವರ್ಷದಿಂದ ಎಡಗಿವಿಯೇ. ಒಂದು ಗಳಿಗೆ ಇಟ್ಟುಕೊಂಡು, ಮೆಲ್ಲಗೆ ಬಲಗಿವಿಗೆ ಬದಲಿಸಿದ. ಆ ಕಿವಿ ಇನ್ನೂ ತೆರೆದಿಲ್ಲ ಅಂತ ನನಗೆ ಆಗ ಗೊತ್ತಾಯಿತು.

ಮರುದಿನ ನರ್ಸ್ ಮಿಗ್ದಾಲಿಯಾ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಳು. ಬೇರೆ ಯಾರದೋ ಕಿವಿ ಅಂತ ಹೇಳಿ ವಿಷಯ ತೆಗೆದೆ. ಅವಳು ತಟಕ್ಕನೆ ತಿರುಗಿದಳು, ಬಣ್ಣ ಹಣೆಗೆ ಬಳಿದುಕೊಂಡಿತು. "ಇದ್ದಕ್ಕಿದ್ದ ಹಾಗೆ ಒಂದು ಕಿವಿ ಹೋಯ್ತಾ? ಅದು ನೀರಲ್ಲ ಕಣೇ! ನರದ್ದಿರಬಹುದು. ಮೊದಲ ವಾರದಲ್ಲಿ ಔಷಧಿ ಬಿದ್ರೆ ಕಿವಿ ಉಳೀಬಹುದು. ಎರಡು ವಾರ ದಾಟಿದ್ರೆ ಕಷ್ಟ. ಯಾರೇ ಅದು? ಎಷ್ಟು ದಿನ ಆಯ್ತು?"

ಒಂಬತ್ತು ದಿನ. ನಾನು ಬ್ರಷ್ಷು ಕೆಳಗಿಟ್ಟೆ.

ಅವಳನ್ನು ಹಾಗೇ ಕೂರಿಸಿ ಗ್ಯಾರೇಜಿಗೆ ಓಡಿದೆ. "ಡಾಕ್ಟರ ಹತ್ರ ನಡಿ, ಈಗಲೇ," ಅಂದೆ. "ನಿಂಗೇನು ಹುಚ್ಚಾ? ಭಾನುವಾರ ಸ್ಪರ್ಧೆ. ಮುಗೀಲಿ, ಸೋಮವಾರ ಹೋಗೋಣ," ಅಂದ. ಅತ್ತು ಕರೆದೆ, ಬೈದೆ, ಅವನ ಅಮ್ಮನ ಆಣೆ ಹಾಕಿದೆ. ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ, ಶ್ಶ್ ಅಂತ ಶುರು ಮಾಡಿದ. ಹೆದರಿಕೊಂಡಿದ್ದ, ಪಾಪ. ಅದು ನನಗೆ ಗೊತ್ತಾಗದೆ ಇರುತ್ತದಾ? ಕಿವಿ ಕೆಟ್ಟಿದೆ ಅಂತ ಒಪ್ಪಿಕೊಳ್ಳುವುದಕ್ಕಿಂತ ಲೋಕದ ಮೈಕುಗಳೆಲ್ಲ ಕೆಟ್ಟಿವೆ ಅನ್ನುವುದೇ ಅವನಿಗೆ ಸುಲಭವಾಗಿತ್ತು. ಆ ದಿನ ನಾನು ಎರಡು ಸಲ ಡ್ರೈಯರಿನಲ್ಲಿ ಗಿರಾಕಿಗಳ ಕುತ್ತಿಗೆ ಸುಟ್ಟೆ.

ಹತ್ತನೇ ದಿನ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಪಾರ್ಲರಿನ ಬಾಗಿಲೂ ತೆಗೆಯದೆ ಹೋಗಿ ಕಾರಿನ ಪಕ್ಕದ ಸೀಟಿನಲ್ಲಿ ಕೂತೆ.

"ಏನೇನು ಅದಲು ಬದಲು ಮಾಡಿದೆ, ಹೇಳು."

"ಎಲ್ಲಾ ಮಾಡಿದೆ. ಸ್ಪೀಕರು, ವೈರು, ಆಂಪ್ಲಿಫೈಯರು. ಯಾವುದೂ ಕೆಟ್ಟಿಲ್ಲ. ದೋಷ ಮಾತ್ರ ಎಡಕ್ಕೇ ಇದೆ."

"ಒಂದು ಬಿಟ್ಟಿದ್ದೀಯ. ಮೈಕು ಹೇಳಿದ ಹಾಗೇ ವಾಪಸ್ ಇಡು. ಇಟ್ಟು, ಹಿಂದಕ್ಕೆ ತಿರುಗಿ ಮಂಡಿ ಊರಿ ಕೂತ್ಕೋ. ಸೀಟಿಗೆ ಎದೆ ಕೊಟ್ಟು."

"ಥೂ, ಇದೇನೇ ಮಕ್ಕಳಾಟ?"

"ಕೂತ್ಕೋ ಅಂದ್ನಲ್ಲ, ಮಿನ್ಯೊ!"

ನನ್ನ ದನಿಗೆ ಹೆದರಿಯೋ ಏನೋ, ಕೂತ. ಹಿಂದಿನ ಗಾಜಿನ ಕಡೆ ಮುಖ. ನಾನೇ ಗುಂಡಿ ಒತ್ತಿದೆ. ಎಡಬಾಗಿಲಿನಿಂದ ಶ್ಶ್. ಆಮೇಲೆ ಬಲಬಾಗಿಲಿನಿಂದ ಶ್ಶ್. ಎಡದ್ದು, ಬಲದ್ದು. ನನಗೆ ಎರಡೂ ಒಂದೇ.

"ಯಾವ ಬಾಗಿಲಲ್ಲಿ ಮಂಕು?" ಅಂತ ಕೇಳಿದೆ.

ಇನ್ನೊಂದು ಸಲ ಹಾಕು ಅಂತ ಕೈ ಆಡಿಸಿದ. ಹಾಕಿದೆ. ಮೂರನೇ ಸಲವೂ ಹಾಕಿದೆ.

"ಬಲಬಾಗಿಲಲ್ಲಿ," ಅಂದ. ದೋಷ ಅವನ ತಲೆಯ ಜೊತೆಗೇ ತಿರುಗಿತ್ತು. ಇಂಥ ಪರೀಕ್ಷೆಯನ್ನು ಜೀವಮಾನವಿಡೀ ಮಾಡಿದವನಿಗೆ ನಾನು ಇನ್ನೇನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೀಟಿನ ಬೆನ್ನಿಗೆ ಹಣೆ ಒತ್ತಿದ. ಆಮೇಲೆ ಇಳಿದು, ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಂದ.

ಕಿವಿ ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಮ್ಮಿ. "ಎಷ್ಟು ದಿನ ಆಯ್ತು?" ಅಂತ ಕೇಳಿದರು. "ಮೂರೋ ನಾಲ್ಕೋ," ಅಂದ ಇವನು, ಶಾಲೆ ತಪ್ಪಿಸಿಕೊಂಡ ಹುಡುಗನ ಹಾಗೆ. "ಹತ್ತು," ಅಂದೆ ನಾನು. ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲೇ ಬರಬೇಕಿತ್ತು. ಔಷಧಿ ಇವತ್ತೇ ಶುರು ಮಾಡೋಣ. ಕಿವೀಲಿ ಏನಾದ್ರೂ ಉಳಿದಿದ್ರೆ ಅದನ್ನ ಮೇಲೆತ್ತಬಹುದು. ಎಷ್ಟು ಉಳಿದಿದೆ, ಅದನ್ನ ನೋಡಬೇಕು."

ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಅವನನ್ನು ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು. ನಾನು ಹೊರಗೆ ಡಾಕ್ಟರ ಪಕ್ಕ ಕೂತೆ. ಬಲಗಿವಿಗೆ ಸರಸರ ಎತ್ತಿದ. ಎಡಗಿವಿ ಶುರುವಾಯಿತು. ಡಾಕ್ಟರ ಬೆರಳು ಗುಂಡಿ ಒತ್ತಿತು, ಮಿನ್ಯೊ ಕೈ ಎತ್ತಿದ! ಮತ್ತೆ ಒತ್ತಿದರು, ಮತ್ತೆ ಎತ್ತಿದ. ಅಯ್ಯೋ ದೇವರೇ, ಕಿವಿ ಇದೆ! ಕೇಳಿಸುತ್ತಿದೆ! ನಾನು ಶಿಲುಬೆ ಗುರುತು ಹಾಕಿಕೊಂಡೆ.

ಡಾಕ್ಟರು ನನ್ನ ಕಡೆ ತಿರುಗಿದರು. "ಅಮ್ಮಾ, ಈಗ ನಾನು ಬರೀ ಬೆರಳು ಆಡಿಸಿದೆ. ಸದ್ದು ಬಿಟ್ಟೇ ಇಲ್ಲ. ನೀವು ನನ್ನ ಬೆರಳು ನೋಡಿ ಪ್ರತಿ ಸಲ ಗದ್ದ ಎತ್ತುತ್ತಿದ್ದೀರಿ. ಅವರು ನಿಮ್ಮ ಗದ್ದ ನೋಡಿ ಕೈ ಎತ್ತುತ್ತಿದ್ದಾರೆ."

ಎದ್ದು ಹೋಗಿ ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದರು. ಈಗ ನನಗೆ ಅವನ ಬೆನ್ನು, ಮಂಡಿಯ ಮೇಲೆ ಎತ್ತಲು ಸಿದ್ಧವಾಗಿ ಇಟ್ಟುಕೊಂಡ ಕೈ, ಅಷ್ಟೇ ಕಾಣುತ್ತಿತ್ತು. ಡಾಕ್ಟರು ಒತ್ತಿದರು. ಸದ್ದು ಏರಿಸುವ ತಿರುಗಣೆಯನ್ನು ಒಂದು ಹಲ್ಲು ಏರಿಸಿ ಒತ್ತಿದರು. ಇನ್ನೊಂದು ಹಲ್ಲು. ಇನ್ನೊಂದು. ಕೈ ಅಲ್ಲೇ ಇತ್ತು. ತಿರುಗಣೆ ಕೊನೆಗೆ ಬಂದು ನಿಂತಿತು, ಡಾಕ್ಟರು ಕಾಗದದ ಮೇಲೆ ಏನೋ ಬರೆದು ಕನ್ನಡಕ ತೆಗೆದರು.

ಆಗ ಒಳಗಿಂದ, ಗೋಡೆ ನೋಡಿಕೊಂಡೇ, ಮಿನ್ಯೊ ಕೂಗಿದ: "ಡಾಕ್ಟ್ರೇ, ನಾನು ರೆಡಿ ಇದ್ದೀನಿ. ಶುರು ಮಾಡಿ."